ಫ್ಲೋರೋಸಿಸ್ ನಕ್ಷೆಗಳು: ನೀರಿನ ಲೆಕ್ಕ, ಮೂಳೆಯ ಲೆಕ್ಕ

ಫ್ಲೋರೈಡ್ ಬಾಧಿತ ಪ್ರದೇಶಗಳ ನಕ್ಷೆಯನ್ನು ನೀವು ನೋಡಿರಬಹುದು. ತಾಲ್ಲೂಕಿಗೊಂದು ಬಣ್ಣ, ಪಕ್ಕದಲ್ಲಿ ಶೇಕಡಾವಾರು ಅಂಕಿ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಎಲ್ಲಿ ರೋಗ ಹೆಚ್ಚು ಎಂಬ ಪ್ರಶ್ನೆಗೆ ಇಂಥ ನಕ್ಷೆಯನ್ನೇ ಉತ್ತರವೆಂದು ತೋರಿಸುವುದು ರೂಢಿಯಾಗಿದೆ. ಆದರೆ ಅದು ಹೇಳುವುದು ನೀರಿನ ಸಂಗತಿಯನ್ನು. ನಾವು ಓದಿಕೊಳ್ಳುವುದು ಮೂಳೆಯ ಸಂಗತಿಯನ್ನು. ಈ ಗೊಂದಲವನ್ನು ಪರಿಶೀಲಿಸಬೇಕಾಗಿದೆ.

ಮೊದಲನೆಯದು ಸರಾಸರಿಯ ದೋಷ. ಗ್ರಾನೈಟ್ ಹಾಗೂ ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದು ಇನ್ನಷ್ಟು ಕರಗುತ್ತದೆ. ಶಿಲೆಯ ಬಿರುಕುಗಳಲ್ಲಿ ಈ ಗುಣ ಏಕರೂಪವಾಗಿರುವುದಿಲ್ಲ. ಹಾಗಾಗಿ ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಬೇರೆಬೇರೆಯಾಗಿರಬಹುದು. ಒಂದು ಊರಿನಲ್ಲಿ ಹತ್ತು ಕೊಳವೆಬಾವಿಗಳಿವೆ ಎಂದಿಟ್ಟುಕೊಳ್ಳಿ. ಒಂಬತ್ತರಲ್ಲಿ ಲೀಟರಿಗೆ 0.6 ಮಿಲಿಗ್ರಾಂ, ಒಂದರಲ್ಲಿ 6 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಾಸರಿ 1.14. ಭಾರತೀಯ ಮಾನಕ ಬ್ಯೂರೋ, ಬೇರೆ ಜಲಮೂಲವಿಲ್ಲದಿದ್ದಾಗ ಒಪ್ಪುವ ಗರಿಷ್ಠ ಮಿತಿ 1.5. ಊರು ಕಾಗದದ ಮೇಲೆ ಸುರಕ್ಷಿತ. ಆ ಹತ್ತನೆಯ ಬಾವಿಯ ನೀರನ್ನೇ ದಿನವೂ ಕುಡಿಯುವ ಮನೆಯವರು ಮಾತ್ರ ಲೆಕ್ಕದಿಂದ ಹೊರಗೆ.

ಎರಡನೆಯದು ಕಾಲದ ದೋಷ. ದೇಹದಲ್ಲಿ ಉಳಿಯುವ ಫ್ಲೋರೈಡಿನ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 3ರಿಂದ 6 ಮಿಲಿಗ್ರಾಂ ಇದ್ದಾಗ ಮೂಳೆಯಲ್ಲಿ ಬದಲಾವಣೆ ಕಾಣಬಹುದು. 10 ಮೀರಿದರೆ ಅಂಗವೈಕಲ್ಯವೂ ಬರಬಹುದು. ಇದಕ್ಕೆ ವರ್ಷಗಳೇ ಬೇಕು. ಬಳ್ಳಾರಿ ನಗರಕ್ಕೆ ತುಂಗಭದ್ರಾ ಕಾಲುವೆಯ ನೀರು ಅಲ್ಲೀಪುರದ ಜಲಾಶಯದ ಮೂಲಕ ಬರುತ್ತದೆ. ಆದರೆ ಹಳ್ಳಿಯಲ್ಲಿ ಬೆಳೆದು ನಗರಕ್ಕೆ ಬಂದು ನೆಲೆಸಿದವರ ಮೂಳೆಯಲ್ಲಿರುವುದು ಹಳ್ಳಿಯ ಬಾವಿಯ ಫ್ಲೋರೈಡ್. ಇಂದಿನ ನಲ್ಲಿಯ ನೀರನ್ನು ಪರೀಕ್ಷಿಸಿದರೆ ಇದು ತಿಳಿಯುವುದಿಲ್ಲ. ಶಾಲಾಮಕ್ಕಳ ಹಲ್ಲಿನ ಕಲೆಗಳನ್ನು ಎಣಿಸಿ ‘ಫ್ಲೋರೋಸಿಸ್ ಪ್ರಮಾಣ’ ಎಂದು ಬರೆಯುವುದೂ ಅಷ್ಟೇ ಅಪೂರ್ಣ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನ ನೀರಿಗೆ ಅದು ಸಾಕ್ಷಿಯೇ ಹೊರತು ದೊಡ್ಡವರ ಬೆನ್ನುಮೂಳೆಗಲ್ಲ.

ಮೂರನೆಯದು ಗಡಿಯ ದೋಷ. ಹಿಂದೆ ಬಳ್ಳಾರಿ ತಾಲ್ಲೂಕಿನಲ್ಲಿದ್ದ ಕುರುಗೋಡು ಈಗ ಪ್ರತ್ಯೇಕ ತಾಲ್ಲೂಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹಳೆಯ ಮತ್ತು ಹೊಸ ವರದಿಗಳನ್ನು ಹಾಗೆಯೇ ಎದುರುಬದುರಿಟ್ಟರೆ, ಗಡಿ ಸರಿದದ್ದರಿಂದ ಬದಲಾದ ಅಂಕಿಯನ್ನು ರೋಗದ ಏರಿಳಿತವೆಂದು ತಪ್ಪು ತಿಳಿಯುತ್ತೇವೆ.

ಇದಲ್ಲದೆ ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುತ್ತಾರೆ. ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಹಾನಿ ಹೆಚ್ಚು. ಒಂದೇ ಬಾವಿಯ ನೀರು ಎಲ್ಲರನ್ನೂ ಒಂದೇ ಬಗೆಯಾಗಿ ಬಾಧಿಸುವುದಿಲ್ಲ.

ಹಾಗೆಂದು ನೀರಿನ ನಕ್ಷೆ ನಿಷ್ಪ್ರಯೋಜಕವಲ್ಲ. ಯಾವ ಬಾವಿಯನ್ನು ಮೊದಲು ಮುಚ್ಚಬೇಕೆಂದು ತಿಳಿಯಲು ಅದು ಬೇಕೇಬೇಕು. ಆದರೆ ಅದು ಅರ್ಧ ಕೆಲಸ. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಭಾಗದ ಅಸ್ಥಿ ಫ್ಲೋರೋಸಿಸ್ ಕುರಿತು ಪ್ರಕಟಿಸಿದಾಗ ರೋಗಿಗಳನ್ನೂ ಅವರು ಕುಡಿಯುತ್ತಿದ್ದ ನೀರನ್ನೂ ಒಟ್ಟಿಗೆ ನೋಡಿದ್ದರು. ಆಗ ಬಳ್ಳಾರಿಯೂ ಅದೇ ಮದರಾಸು ಪ್ರಾಂತ್ಯದಲ್ಲಿತ್ತು. ಅಷ್ಟು ಹಿಂದೆ ಸಾಧ್ಯವಾದದ್ದು ಇಂದು ಕಷ್ಟವಾಗಬಾರದು.

ಮುಂದೆ ಇಂಥ ಕೋಷ್ಟಕ ಕಂಡಾಗ ಮೂರು ಪ್ರಶ್ನೆ ಕೇಳಿ: ಎಣಿಸಿದ್ದು ಬಾವಿಗಳನ್ನೋ, ಹಲ್ಲುಗಳನ್ನೋ, ಕ್ಷ-ಕಿರಣದಲ್ಲಿ ಕಂಡ ಮೂಳೆಗಳನ್ನೋ? ಪರೀಕ್ಷೆಗೊಳಗಾದವರ ವಯಸ್ಸೆಷ್ಟು, ಬಾಲ್ಯ ಕಳೆದದ್ದು ಎಲ್ಲಿ? ಗಡಿ ಯಾವ ವರ್ಷದ್ದು? ಬಾಗಿ ಬಿಗಿದ ಬೆನ್ನನ್ನು ಮತ್ತೆ ನೆಟ್ಟಗೆ ಮಾಡುವ ಔಷಧ ಇಲ್ಲ. ಆದ್ದರಿಂದ ಹತ್ತನೆಯ ಬಾವಿಯನ್ನು ಸಕಾಲದಲ್ಲಿ ಗುರುತಿಸುವುದೊಂದೇ ಅಲ್ಲಿನ ಮಕ್ಕಳಿಗಿರುವ ರಕ್ಷಣೆ.