ಶಿಖರದಲ್ಲಿ ಮುಗಿಯುವ ಬರೆಹಗಳು

ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕತ್ವವು ಕನ್ನಡ ಅಧ್ಯಾಪಕನ ಪಾಲಿಗೆ ತಾನಾಗಿಯೇ ಬರುವ ಕೆಲಸಗಳಲ್ಲಿ ಒಂದು. ಈ ವರ್ಷ ಬಂದ ಲೇಖನಗಳ ಕಟ್ಟಿನಲ್ಲಿ ‘ನನ್ನ ಮೊದಲ ಶಿಖರ’ ಎಂಬ ಪ್ರಬಂಧವೊಂದಿತ್ತು. ಬರೆದವನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿ. ಪಶ್ಚಿಮಘಟ್ಟದ ಒಂದು ಬೆಟ್ಟವನ್ನು ಒಬ್ಬನೇ ಏರಿದ ಕಥೆ. ಭಾಷೆ ಹದವಾಗಿತ್ತು. ಮಂಜು, ಹುಲ್ಲುಗಾವಲು, ಗಾಳಿ, ಏಕಾಂತ ಎಲ್ಲವೂ ಇರಬೇಕಾದಲ್ಲಿ ಇದ್ದವು. ಕೊನೆಯ ವಾಕ್ಯದಲ್ಲಿ ಲೇಖಕನು ತುದಿಯ ಬಂಡೆಯ ಮೇಲೆ ನಿಂತು ಮುಳುಗುವ ಸೂರ್ಯನನ್ನು ನೋಡುತ್ತಿದ್ದನು. ಅಲ್ಲಿಗೆ ಪ್ರಬಂಧ ಮುಗಿದಿತ್ತು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ, “ಇಳಿದದ್ದು ಯಾವಾಗ?” ಎಂದು ಬರೆದೆ.

ಮಾರನೆಯ ದಿನ ಹುಡುಗನು ನನ್ನ ಕೊಠಡಿಗೆ ಬಂದನು. ಒಂದು ಕಾಲನ್ನು ಎಳೆದು ಹಾಕುತ್ತಿದ್ದನು. ಕೇಳಿದ ಮೇಲೆ ಸಂಗತಿ ಹೊರಬಿತ್ತು. ಸೂರ್ಯಾಸ್ತ ನೋಡಿ ಇಳಿಯುವಾಗ ಕತ್ತಲಾಗಿದೆ. ಪಾದ ಹೊರಳಿದೆ. ಕಿಸೆಯಲ್ಲಿ ಮೊಬೈಲ್ ಇತ್ತು, ಆದರೆ ಬೆಟ್ಟದ ಆ ಮಗ್ಗುಲಲ್ಲಿ ಸಿಗ್ನಲ್ ಇರಲಿಲ್ಲ. ರಾತ್ರಿಯೆಲ್ಲ ಮರದ ಬುಡದಲ್ಲಿ ಕುಳಿತು, ಬೆಳಗಾದ ಮೇಲೆ ತೆವಳುತ್ತ ಇಳಿದು, ಮಧ್ಯಾಹ್ನಕ್ಕೆ ರಸ್ತೆ ಸೇರಿದ್ದಾನೆ. ಗೆಳೆಯನ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದನಂತೆ. ತಾಯಿ ರಾತ್ರಿಯೆಲ್ಲ ಬಾಗಿಲಲ್ಲಿ ಕುಳಿತಿದ್ದರಂತೆ.

“ಇದನ್ನೇಕಪ್ಪ ಬರೆಯಲಿಲ್ಲ?” ಎಂದೆ.

“ಅದು ಪ್ರಬಂಧಕ್ಕೆ ಹೊಂದುವುದಿಲ್ಲ ಅನಿಸಿತು, ಸಾರ್. ನೀವೂ ಹಾಗೇ ಬರೆದಿದ್ದೀರಲ್ಲ. ನಿಮ್ಮ ಪ್ರಬಂಧ ಓದಿಯೇ ನಾನು ಒಬ್ಬನೇ ಹೋದದ್ದು.”

ಹುಡುಗನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ, ಅಭಿಮಾನವಿತ್ತು. ಆದ್ದರಿಂದಲೇ ಅದು ಹೆಚ್ಚು ನಾಟಿತು. ಹದಿನೆಂಟು ವರ್ಷಗಳ ಹಿಂದೆ ನಾನು ಕುಮಾರಪರ್ವತವನ್ನು ಒಬ್ಬನೇ ಏರಿದ್ದನ್ನು ಕುರಿತು ಒಂದು ಲಲಿತ ಪ್ರಬಂಧ ಬರೆದಿದ್ದೆ. ಅದು ಕಾಲೇಜಿನ ಗ್ರಂಥಾಲಯದಲ್ಲಿರುವ ನನ್ನ ಸಂಕಲನದಲ್ಲಿದೆ. ಅದೂ ಶಿಖರದಲ್ಲಿಯೇ ಮುಗಿಯುತ್ತದೆ. ಅದರಲ್ಲಿ ನಾನು ಬರೆಯದೆ ಬಿಟ್ಟ ಭಾಗ ಯಾವುದೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಒಂಟಿಯಾಗಿ ಬೆಟ್ಟ ಏರುವವರ ಬರೆಹವನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಏರುವುದರಲ್ಲಿಯೇ ಕಥೆ ಮುಗಿಯಬೇಕೆಂಬ ರುಚಿ ನಮಗೆ ಎಲ್ಲಿಂದ ಬಂತು? ನಮ್ಮ ಪುರಾಣಗಳಿಂದಲೇ ಬಂದಿರಬೇಕೆಂದು ನನಗೆ ತೋರುತ್ತದೆ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ಹಿಮಾಲಯವನ್ನು ಏರುತ್ತಾರೆ. ದ್ರೌಪದಿ ಮೊದಲಾಗಿ ಒಬ್ಬೊಬ್ಬರೇ ಬೀಳುತ್ತಾರೆ. ಧರ್ಮರಾಯನು ಹಿಂದಿರುಗಿ ನೋಡದೆ ನಡೆಯುತ್ತಾನೆ. ಆರೋಹಣವೆಂದರೆ ಅಲ್ಲಿ ಮರಳಿ ಬಾರದ ಪಯಣ. ಅದು ಆ ಕಾವ್ಯಕ್ಕೆ ಉಚಿತವೇ ಸರಿ, ಏಕೆಂದರೆ ಧರ್ಮರಾಯನಿಗೆ ಸೋಮವಾರ ಬೆಳಗ್ಗೆ ಹಾಜರಾಗಬೇಕಾದ ತರಗತಿ ಇರಲಿಲ್ಲ. ನಾವಾದರೋ ರಾತ್ರಿಯ ಊಟಕ್ಕೆ ಮನೆಗೆ ಬರುವ ಉದ್ದೇಶವಿಟ್ಟುಕೊಂಡು ಹೊರಡುವವರು. ಬರೆಯುವಾಗ ಮಾತ್ರ ಸ್ವರ್ಗಾರೋಹಣದ ಭಂಗಿಯನ್ನು ಎರವಲು ತರುತ್ತೇವೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ಆ ಅಳತೆಯಿಂದ ನೋಡಿದರೆ ಈ ಎರವಲು ಅನೌಚಿತ್ಯವೇ ಆಗುತ್ತದೆ.

ಯೂರೋಪಿನಲ್ಲಿ ಈ ಬಗೆಯ ಬರೆಹದ ಮೂಲಪುರುಷನೆಂದು ಹೆಸರಾದವನು ಇಟಲಿಯ ಕವಿ ಪೆಟ್ರಾರ್ಕ್. 1336ರ ಏಪ್ರಿಲ್ 26ರಂದು ಆತನು ದಕ್ಷಿಣ ಫ್ರಾನ್ಸಿನ ವೆಂತೂ ಪರ್ವತವನ್ನು ಏರಿದುದಾಗಿ ತನ್ನ ಗುರುವಿನಂತಿದ್ದ ಒಬ್ಬ ಸಂನ್ಯಾಸಿಗೆ ಪತ್ರ ಬರೆದನು. ಪತ್ರವನ್ನು ಅಂದೇ ಬರೆದನೋ, ಎಷ್ಟೋ ವರ್ಷಗಳ ಮೇಲೆ ರಚಿಸಿದನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ವೆಂತೂವಿನ ಎತ್ತರ ಸುಮಾರು 1,910 ಮೀಟರು, ಅಂದರೆ ಹೆಚ್ಚುಕಡಮೆ ನಮ್ಮ ಮುಳ್ಳಯ್ಯನಗಿರಿಯಷ್ಟೆ. ಈ ಪತ್ರವನ್ನು ಓದಿದವರು ಸಾಮಾನ್ಯವಾಗಿ ನೆನೆಯುವುದು ಶಿಖರದ ಮೇಲೆ ಕವಿಯು ಸಂತ ಅಗಸ್ಟೀನನ ಪುಸ್ತಕ ತೆರೆದು ನಾಚಿದ ಪ್ರಸಂಗವನ್ನು. ನನಗೆ ಈಗ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಬೇರೆ ಎರಡು ಸಂಗತಿಗಳು.

ಮೊದಲನೆಯದು, ಜೊತೆಗೆ ಯಾರನ್ನು ಕರೆದೊಯ್ಯಬೇಕೆಂಬ ಆತನ ಯೋಚನೆ. ಗೆಳೆಯರನ್ನು ಒಬ್ಬೊಬ್ಬರಾಗಿ ತೂಗಿ ನೋಡುತ್ತಾನೆ. ಒಬ್ಬನು ತೀರ ನಿಧಾನ, ಒಬ್ಬನು ತೀರ ಚುರುಕು, ಒಬ್ಬನು ಬಲು ಸಪ್ಪೆ, ಇನ್ನೊಬ್ಬನದು ಅತಿಯಾದ ಉಲ್ಲಾಸ. ಮನೆಯಲ್ಲಿ ಸಹಿಸಿಕೊಳ್ಳಬಹುದಾದ ದೋಷಗಳು ದಾರಿಯಲ್ಲಿ ಸಹಿಸಲಾರದವಾಗುತ್ತವೆ ಎನ್ನುವುದು ಆತನ ತೀರ್ಮಾನ. ಒಂಟಿಯಾಗಿ ಹೊರಡುವವರೆಲ್ಲರ ಮನಸ್ಸನ್ನು ಆತನು ಆರು ನೂರು ವರ್ಷಗಳಿಗೂ ಹಿಂದೆಯೇ ಓದಿದ್ದಾನೆ. ಆದರೆ ಆತನು ಒಂಟಿಯಾಗಿ ಹೋಗಲಿಲ್ಲ. ತಮ್ಮನನ್ನೂ ಇಬ್ಬರು ಸೇವಕರನ್ನೂ ಕರೆದುಕೊಂಡು ಹೊರಟನು.

ಎರಡನೆಯದು, ದಾರಿಯಲ್ಲಿ ಸಿಕ್ಕ ಮುದಿ ಕುರುಬ. ಐವತ್ತು ವರ್ಷ ಹಿಂದೆ ತಾನೂ ಏರಿದ್ದಾಗಿಯೂ, ಪಶ್ಚಾತ್ತಾಪವನ್ನೂ ಹರಿದ ಬಟ್ಟೆಯನ್ನೂ ಬಿಟ್ಟು ಬೇರೇನೂ ದೊರೆಯಲಿಲ್ಲವೆಂದೂ ಹೇಳಿ ಅವನು ತಡೆಯುತ್ತಾನೆ. ಕೇಳದಿದ್ದಾಗ, ಹೋಗುವ ದಾರಿಯನ್ನು ಕೈತೋರಿಸಿ ಹೇಳುತ್ತಾನೆ. ಇವರು ಹೆಚ್ಚಿನ ಬಟ್ಟೆಬರೆಯನ್ನು ಅವನ ಬಳಿ ಇಟ್ಟು ಮುಂದುವರಿಯುತ್ತಾರೆ. ಅಂದರೆ ಇವರು ಮೇಲೆ ಹೋಗಿದ್ದಾರೆ, ಮರಳಿ ಬರಬೇಕು ಎಂಬುದು ಕೆಳಗೆ ಒಬ್ಬನಿಗೆ ಗೊತ್ತಿದೆ. ಪೆಟ್ರಾರ್ಕ್ ಇಳಿದದ್ದನ್ನೂ ಬರೆದಿದ್ದಾನೆ. ಮೌನವಾಗಿ, ಆಗಾಗ ತಿರುಗಿ ಶಿಖರವನ್ನು ನೋಡುತ್ತ, ಬೆಳದಿಂಗಳಿನಲ್ಲಿ ಬಿಡಾರಕ್ಕೆ ಬಂದನೆಂದು ಹೇಳಿದ್ದಾನೆ. ಅಧ್ಯಾತ್ಮವನ್ನು ಹೇಳಹೊರಟ ಕವಿಗೂ ಇಳಿಯುವ ದಾರಿ ಬರೆಯತಕ್ಕದ್ದೆಂದು ತೋರಿತು.

ಎಡ್ವರ್ಡ್ ವಿಂಪರನ ಮಾತು ಬೇರೆ. ಆತನು ವೃತ್ತಿಯಿಂದ ಮರದ ಅಚ್ಚು ಕೊರೆಯುವ ಚಿತ್ರಕಾರ. ಆಲ್ಪ್ಸ್ ಪರ್ವತಗಳಲ್ಲಿ ಅಲೆದದ್ದನ್ನು ಕುರಿತು 1871ರಲ್ಲಿ ಆತನು ಪ್ರಕಟಿಸಿದ ಪುಸ್ತಕ ಪರ್ವತಾರೋಹಣ ಸಾಹಿತ್ಯದಲ್ಲಿ ಇಂದಿಗೂ ಮೊದಲ ಸಾಲಿನದು. 1862ರ ಜುಲೈಯಲ್ಲಿ ಆತನು ಮ್ಯಾಟರ್‌ಹಾರ್ನ್ ಪರ್ವತದ ಏಣಿನ ಮೇಲೆ ಒಬ್ಬನೇ ಒಂದು ರಾತ್ರಿ ಕಳೆದು, ಮರುದಿನ ಅಲ್ಲಿಯವರೆಗೆ ಯಾರೂ ಮುಟ್ಟದ ಎತ್ತರವನ್ನು ಮುಟ್ಟಿ ಹಿಂದಿರುಗಿದನು. ಏರುವಾಗ ದಾಟಿ ಹೋಗಿದ್ದ ಒಂದು ಮೂಲೆಯಲ್ಲಿ ಇಳಿಯುವಾಗ ಜಾರಿ, ಏಳೆಂಟು ಸಲ ಪುಟಿದು, ಸುಮಾರು ಇನ್ನೂರು ಅಡಿ ಉರುಳಿದನು. ಇನ್ನೂ ಹತ್ತು ಅಡಿ ಜಾರಿದ್ದರೆ ಕೆಳಗಿನ ಹಿಮನದಿಯೇ ಗತಿ. ತಲೆಯ ಗಾಯಕ್ಕೆ ಹಿಮದ ಹೆಂಟೆ ಒತ್ತಿಕೊಂಡು, ಪ್ರಜ್ಞೆ ತಪ್ಪಿ, ಎಚ್ಚರವಾದ ಮೇಲೆ ಕತ್ತಲಲ್ಲಿ ಇಳಿದು ಊರು ಸೇರಿದನು. ಅಲ್ಲಿಯ ಜನ ಗಾಯಕ್ಕೆ ಉಪ್ಪು ಬೆರೆಸಿದ ಬಿಸಿ ಮದ್ಯವನ್ನು ಉಜ್ಜಿದ್ದನ್ನೂ ಬಿಡದೆ ಬರೆದಿದ್ದಾನೆ.

ಈ ಭಾಗದ ಗುಣವಿರುವುದು ಅದರ ಲೆಕ್ಕಾಚಾರದಲ್ಲಿ. ಬೀಳುವಾಗ ನೋವು ತಿಳಿಯಲಿಲ್ಲ, ಪ್ರತಿಯೊಂದು ಪೆಟ್ಟಿನ ಅರಿವು ಮಾತ್ರ ಇತ್ತು ಎಂದು ಆತನು ಅಳತೆಗೋಲು ಹಿಡಿದವನಂತೆ ಹೇಳುತ್ತಾನೆ. ಭಯವನ್ನು ಉಬ್ಬಿಸುವುದಿಲ್ಲ, ಧೈರ್ಯವನ್ನೂ ಮೆರೆಸುವುದಿಲ್ಲ. ಮೂರು ವರ್ಷಗಳ ಮೇಲೆ, 1865ರ ಜುಲೈ 14ರಂದು, ಆತನೂ ಜೊತೆಯ ಆರು ಜನರೂ 4,478 ಮೀಟರಿನ ಆ ಶಿಖರವನ್ನು ಮೊಟ್ಟಮೊದಲು ಮುಟ್ಟಿದರು. ಇಳಿಯುವಾಗ ಒಬ್ಬನು ಜಾರಿದನು, ಹಗ್ಗ ಹರಿಯಿತು, ನಾಲ್ವರು ಸತ್ತರು. ವಿಂಪರ್ ಬರೆದದ್ದು ಗೆಲುವಿನ ಪುಸ್ತಕವೇ ಆದರೂ ಅದರ ಭಾರವೆಲ್ಲ ಬಿದ್ದಿರುವುದು ಆ ಇಳಿತದ ಮೇಲೆ. ಶಿಖರದಲ್ಲಿ ಪುಸ್ತಕವನ್ನು ಮುಗಿಸಿದ್ದರೆ ಆತನು ಸುಳ್ಳನ್ನೇನೂ ಹೇಳಿದಂತಾಗುತ್ತಿರಲಿಲ್ಲ. ಆದರೆ ಸತ್ಯ ಹೇಳಿದಂತೆಯೂ ಆಗುತ್ತಿರಲಿಲ್ಲ.

ಒಂಟಿತನದ ತುತ್ತತುದಿಯನ್ನು ಕಂಡವನು ಆಸ್ಟ್ರಿಯಾದ ಹೆರ್ಮನ್ ಬೂಲ್. ನಂಗಾ ಪರ್ವತ ಅದಕ್ಕೆ ಮೊದಲು ಮೂವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 1953ರ ಜುಲೈ 3ರಂದು ನಸುಕಿಗೆ ಮುನ್ನ ಬೂಲ್ ಸುಮಾರು 6,900 ಮೀಟರಿನ ಶಿಬಿರದಿಂದ ಒಬ್ಬನೇ ಹೊರಟನು. ಜೊತೆಗಾರನು ಹಿಂದೆ ಉಳಿದನು. ದಾರಿಯಲ್ಲಿ ಭಾರ ಕಡಮೆ ಮಾಡಲು ಬೂಲ್ ತನ್ನ ಬೆನ್ನಚೀಲವನ್ನೇ ಬಿಟ್ಟುಹೋದನು. ಸಂಜೆ ಏಳರ ಹೊತ್ತಿಗೆ 8,126 ಮೀಟರಿನ ತುದಿ. ಹಿಮಗೊಡಲಿಯನ್ನು ಗುರುತಿಗಾಗಿ ಅಲ್ಲಿಯೇ ನೆಟ್ಟು ಇಳಿಯತೊಡಗಿದನು. ಕತ್ತಲು ಕವಿದಾಗ ಬಂಡೆಯ ಒಂದು ಅಂಚಿನಲ್ಲಿ, ಕುಳಿತುಕೊಳ್ಳಲೂ ಎಡೆಯಿಲ್ಲದೆ, ರಾತ್ರಿಯನ್ನು ನಿಂತೇ ಕಳೆದನು. ನಲವತ್ತೊಂದು ಗಂಟೆಗಳ ಮೇಲೆ ಶಿಬಿರಕ್ಕೆ ಮರಳಿದಾಗ ಇಪ್ಪತ್ತೆಂಟರ ಯುವಕನ ಮುಖ ಮುದುಕನ ಮುಖದಂತಾಗಿತ್ತು. ಆಗ ತೆಗೆದ ಛಾಯಾಚಿತ್ರವನ್ನು ನೋಡಿದವರು ಮರೆಯಲಾರರು. ಹಿಮ ಕಚ್ಚಿ ಕಾಲಿನ ಬೆರಳುಗಳು ಹೋದವು.

ಆತನ ಆತ್ಮಕಥೆಯಲ್ಲಿ ಅತ್ಯಂತ ಮನ ಕಲಕುವ ಭಾಗ ಶಿಖರದ ವರ್ಣನೆಯಲ್ಲ. ಇಳಿಯುವಾಗ ಯಾರೋ ಒಬ್ಬ ಜೊತೆಗಾರ ತನ್ನ ಹಿಂದೆ ಇದ್ದಾನೆಂದು ಆತನಿಗೆ ಅನಿಸುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಧರ್ಮರಾಯನ ಹಿಂದೆ ಕೊನೆಯವರೆಗೂ ನಾಯಿಯೊಂದು ಬಂದಿತೆಂದು ವ್ಯಾಸರು ಹೇಳಿದ್ದು ನೆನಪಾಗುತ್ತದೆ. ಮನುಷ್ಯನ ಮನಸ್ಸು ಪೂರ್ಣ ಒಂಟಿತನವನ್ನು ತಾಳಲಾರದು. ಜೊತೆಯಿಲ್ಲದಿದ್ದರೆ ಅದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಅಂಥ ಎತ್ತರದಲ್ಲಿ ಆಮ್ಲಜನಕದ ಕೊರತೆಯೂ ದಣಿವೂ ಸೇರಿ ಬುದ್ಧಿಯನ್ನೇ ಮಸುಕು ಮಾಡುತ್ತವೆ. ಅದನ್ನು ಬೂಲ್ ಮುಚ್ಚಿಡಲಿಲ್ಲ. ಇದೇ ಬೂಲ್ ನಾಲ್ಕು ವರ್ಷಗಳ ಮೇಲೆ, 1957ರಲ್ಲಿ, ಚೊಗೊಲೀಸಾ ಪರ್ವತದಿಂದ ಇಳಿಯುತ್ತಿದ್ದಾಗ ಹಿಮದ ಚಾಚು ಮುರಿದು ಬಿದ್ದು ತೀರಿಕೊಂಡನು. ಜೊತೆಗಾರನಿದ್ದನು, ಇಬ್ಬರ ನಡುವೆ ಹಗ್ಗವಿರಲಿಲ್ಲ.

ಇನ್ನೊಂದು ಪುಸ್ತಕ ನಮ್ಮ ಕಾಲದ್ದು. ಅಮೆರಿಕದ ಏರನ್ ರಾಲ್ಸ್ಟನ್ ಕೊಲರಾಡೊದ ಹದಿನಾಲ್ಕು ಸಾವಿರ ಅಡಿ ಮೀರಿದ ಶಿಖರಗಳನ್ನು ಚಳಿಗಾಲದಲ್ಲಿ ಒಬ್ಬನೇ ಏರುವ ವ್ರತ ತೊಟ್ಟಿದ್ದವನು. ಅಂಥವನಿಗೆ ಅಪಾಯ ಬಂದದ್ದು ಶಿಖರದಲ್ಲಲ್ಲ, ಯೂಟಾ ಪ್ರಾಂತದ ಒಂದು ಕಲ್ಲುಕಣಿವೆಯಲ್ಲಿ. ಪೆಟ್ರಾರ್ಕ್ ಹೊರಟ ತಾರೀಖಿಗೆ ಸರಿಯಾಗಿ 667 ವರ್ಷಗಳ ಮೇಲೆ, 2003ರ ಏಪ್ರಿಲ್ 26ರಂದು, ಉರುಳಿದ ಬಂಡೆಯೊಂದು ಆತನ ಬಲಗೈಯನ್ನು ಗೋಡೆಗೆ ಅದುಮಿ ಹಿಡಿಯಿತು. ಎಲ್ಲಿಗೆ ಹೋಗುತ್ತೇನೆಂದು ಆತನು ಯಾರಿಗೂ ಹೇಳಿರಲಿಲ್ಲ. ಐದು ದಿನಗಳ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದನು. ಕೆಲಸಕ್ಕೆ ಬಾರದ್ದನ್ನು ಕಂಡು ಜೊತೆಯವರು ಗಾಬರಿಗೊಂಡು, ತಾಯಿ ಅಂಗಲಾಚಿ ಹುಡುಕಿಸಿದ್ದರಿಂದ ಅಷ್ಟರಲ್ಲಿ ಹೆಲಿಕಾಪ್ಟರ್ ಅಲ್ಲಿಗೆ ಬಂದಿತ್ತು. 2010ರಲ್ಲಿ ಬಂದ ಇದರ ಚಲನಚಿತ್ರಕ್ಕೆ ನಮ್ಮ ಎ.ಆರ್. ರೆಹಮಾನ್ ಸಂಗೀತ ಕೊಟ್ಟದ್ದರಿಂದ ಕಥೆ ಇಲ್ಲಿಯೂ ಅನೇಕರಿಗೆ ತಿಳಿದಿದೆ. ಚಿತ್ರ ನೋಡಿದವರು ಆ ಕೈಯನ್ನು ನೆನೆಯುತ್ತಾರೆ. 2004ರಲ್ಲಿ ಬಂದ ಪುಸ್ತಕವನ್ನು ಓದಿದವರು, ಮನೆಯಲ್ಲಿ ಬರೆದಿಡದೆ ಹೋದ ಒಂದು ಚೀಟಿಯನ್ನು ನೆನೆಯಬೇಕು. ಆತನು ತನ್ನ ತಪ್ಪನ್ನು ತಾನೇ ಎತ್ತಿ ತೋರಿಸಿದ್ದಾನೆ. ಶೈಲಿಯಲ್ಲಿ ವಿಂಪರನ ಸಂಯಮವಿಲ್ಲ, ಮಾತು ಹೆಚ್ಚಾಯಿತು. ಆದರೂ ಆ ಒಪ್ಪಿಗೆಯಿಂದ ಪುಸ್ತಕಕ್ಕೆ ತೂಕ ಬಂದಿದೆ.

ಈ ನಾಲ್ಕರಿಂದ ನನಗೆ ದೊರೆತ ಅಳತೆಗೋಲು ಇಷ್ಟೆ. ಗುಂಪಿನಲ್ಲಿ ಹೋದವನು ಏನನ್ನಾದರೂ ಬಿಟ್ಟು ಬರೆದರೆ ಜೊತೆಯವರು ತಿದ್ದುತ್ತಾರೆ. ಒಂಟಿಯಾಗಿ ಹೋದವನಿಗೆ ಬೇರೆ ಸಾಕ್ಷಿಯಿಲ್ಲ. ಆತನು ಬಿಟ್ಟದ್ದು ಲೋಕಕ್ಕೆ ನಡೆಯದೆಯೇ ಹೋದಂತೆ. ಆದ್ದರಿಂದ ಆತನ ಗದ್ಯದ ಮೇಲೆ ಸತ್ಯದ ಹೊರೆ ಇಮ್ಮಡಿಯಾಗಿರುತ್ತದೆ. ಬೆಟ್ಟದ ಬರೆಹವನ್ನು ಓದಿದವರಲ್ಲಿ ಕೆಲವರು ಬೆಟ್ಟಕ್ಕೇ ಹೊರಡುತ್ತಾರೆಂಬುದನ್ನು ಮರೆಯಬಾರದು. ಪ್ರೇಮಗೀತೆಯನ್ನು ಓದಿ ಕೆಟ್ಟವರು ಹೇಗೋ ಸುಧಾರಿಸಿಕೊಂಡಾರು. ಬೆಟ್ಟಕ್ಕೆ ಆ ಕರುಣೆಯಿಲ್ಲ.

ಈಗ ನನ್ನ ಪ್ರಬಂಧದ ವಿಮರ್ಶೆ. ಅಂದು ನಾನು ಕುಕ್ಕೆಯಿಂದ ತಡವಾಗಿ ಹೊರಟೆ. ತುದಿ ಮುಟ್ಟಿದಾಗ ಮಧ್ಯಾಹ್ನ ಮೂರು ಮೀರಿತ್ತು. ರಸಾನುಭವದಲ್ಲಿ ಇನ್ನೊಂದು ಗಂಟೆ ಕಳೆಯಿತು. ಇಳಿಯುವಾಗ ಮಂಜು ಕವಿದು ಹುಲ್ಲಿನ ನಡುವೆ ದಾರಿ ತಪ್ಪಿತು. ಏರುವಾಗ ಒಮ್ಮೆಯೂ ತಿರುಗಿ ನೋಡಿರಲಿಲ್ಲವಾಗಿ, ಇಳಿಯುವ ದಿಕ್ಕಿನಿಂದ ಬೆಟ್ಟವೇ ಬೇರೆಯಾಗಿ ಕಂಡಿತು. ನೀರು ಊರಿಗೆ ಹೋಗಿಯೇ ಹೋಗುತ್ತದೆಂಬ ತರ್ಕದಿಂದ ಒಂದು ತೊರೆಯನ್ನು ಹಿಡಿದು ಇಳಿದೆ. ಘಟ್ಟದ ತೊರೆಗಳು ಊರಿಗೆ ಹೋಗುವ ಮುನ್ನ ಬಂಡೆಯಿಂದ ಧುಮುಕುತ್ತವೆಂಬುದು ಅಂಚಿಗೆ ಬಂದಾಗಲೇ ತಿಳಿದದ್ದು. ಟಾರ್ಚಿಲ್ಲ, ಕಂಬಳಿಯಿಲ್ಲ, ಬಾಟಲಿಯಲ್ಲಿ ನೀರಿಲ್ಲ. ರಾತ್ರಿ ಅಲ್ಲಿಯೇ ಜಿಗಣೆಗಳ ಸಹವಾಸದಲ್ಲಿ ಕಳೆಯಿತು. ಬೆಳಗ್ಗೆ ಗಿರಿಗದ್ದೆಯ ಕಡೆಯಿಂದ ಬಂದ ಒಬ್ಬ ಹಿರಿಯರು ನನ್ನ ಕೂಗು ಕೇಳಿ, ಕೈಹಿಡಿದು ಮೇಲೆ ತಂದು, ಗಂಜಿಯೂಟ ಹಾಕಿ ಕಳುಹಿಸಿದರು. “ಒಬ್ಬರೇ ಬರುವುದಾದರೆ ಕೆಳಗೆ ಯಾರಿಗಾದರೂ ಒಂದು ಮಾತು ಹೇಳಿ ಬನ್ನಿ, ಮಾಷ್ಟ್ರೇ” ಎಂದಷ್ಟೇ ಹೇಳಿದರು. ಪೆಟ್ರಾರ್ಕ್ ತನ್ನ ಕುರುಬನಿಗೆ ಪತ್ರದಲ್ಲಿ ಜಾಗ ಕೊಟ್ಟನು. ನನ್ನ ಪ್ರಬಂಧದಲ್ಲಿ ಆ ಹಿರಿಯರಿಗೆ ಒಂದು ಸಾಲೂ ಸಿಗಲಿಲ್ಲ. ಏಕಾಂತದ ವರ್ಣನೆಗೆ ಅವರು ಅಡ್ಡಿಯಾಗುತ್ತಿದ್ದರು.

ಹುಡುಗನು ಬರುವ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೋಗುವ ಆಸೆ ಇಟ್ಟುಕೊಂಡಿದ್ದಾನೆ. ಅಲ್ಲಿ ಸುಮಾರು 2,500 ಮೀಟರಿನಿಂದ ಮೇಲೆ ಎತ್ತರದ ಬೇನೆ ಬರಬಹುದು. ತಲೆನೋವು, ವಾಕರಿಕೆ, ತತ್ತರಿಸುವ ನಡಿಗೆ ಅದರ ಲಕ್ಷಣ. ಅದು ಬಲಿತರೆ ಇಳಿಯುವುದೇ ಮದ್ದು. ಆದರೆ ತನಗೆ ಮಂಕು ಹಿಡಿದಿದೆಯೆಂದು ಮಂಕು ಹಿಡಿದವನಿಗೆ ತಿಳಿಯುವುದಿಲ್ಲವಾದ್ದರಿಂದ, ಮೊದಲ ಸಲವಾದರೂ ಜೊತೆಯಲ್ಲಿ ಹೋಗು ಎಂದು ಹೇಳಿದ್ದೇನೆ. ಒಂಟಿಯಾಗಿ ನಡೆಯುವ ಸುಖವನ್ನು ನಾನು ಅಲ್ಲಗಳೆಯುವವನಲ್ಲ. ಇಂಥ ದಾರಿಯಲ್ಲಿ ಹೋಗಿ ಇಷ್ಟು ಹೊತ್ತಿಗೆ ಬರುತ್ತೇನೆಂದು ಒಬ್ಬರಿಗೆ ಬರೆದುಕೊಟ್ಟು, ತುದಿ ಮುಟ್ಟಲಿ ಮುಟ್ಟದಿರಲಿ ಹಿಂದಿರುಗುವ ಗಂಟೆಯನ್ನು ಮನೆಯಲ್ಲೇ ನಿಶ್ಚಯಿಸಿ, ದೀಪ, ನೀರು, ಬೆಚ್ಚನೆಯ ಬಟ್ಟೆಗಳನ್ನು ಬೆನ್ನಿನಿಂದ ಇಳಿಸದೆ ಹೋಗುವುದರಿಂದ ಆ ಸುಖವೇನೂ ಕಡಮೆಯಾಗದು.

ಪ್ರಬಂಧವನ್ನು ಹುಡುಗನು ತಿದ್ದಿ ತಂದಿದ್ದಾನೆ. ಶಿಖರ ಈಗ ನಡುವಿನ ಪುಟಕ್ಕೆ ಬಂದಿದೆ. ಕೊನೆಯಲ್ಲಿ ಬಾಗಿಲಲ್ಲಿ ಕುಳಿತ ತಾಯಿ ಇದ್ದಾರೆ. ಮೊದಲಿನಷ್ಟು ಸೊಗಸಾಗಿಲ್ಲವೆಂದು ಅವನಿಗೆ ಅನುಮಾನ. ನಾನು ಅದನ್ನು ಸಂಚಿಕೆಯ ಮೊದಲ ಲೇಖನವಾಗಿ ಹಾಕುತ್ತಿದ್ದೇನೆ. ನನ್ನ ಸಂಕಲನಕ್ಕೆ ಮರುಮುದ್ರಣದ ಭಾಗ್ಯವಿದೆಯೋ ಇಲ್ಲವೋ ತಿಳಿಯದು. ಅದಕ್ಕಾಗಿ ಕಾಯದೆ ಗ್ರಂಥಾಲಯದ ಪ್ರತಿಯನ್ನು ತರಿಸಿ, ಆ ಪ್ರಬಂಧದ ಕೊನೆಯ ಪುಟದ ಖಾಲಿ ಜಾಗದಲ್ಲಿ ಇಳಿದ ಕಥೆಯನ್ನು ಶಾಯಿಯಲ್ಲಿ ಬರೆದು ಸಹಿ ಮಾಡಿಟ್ಟಿದ್ದೇನೆ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದೆಂಬ ನಿಯಮವನ್ನು ಮೀರಿದ್ದಕ್ಕೆ ದಂಡ ಕಟ್ಟಲು ಸಿದ್ಧನಿದ್ದೇನೆ.