ದೇವಾಲಯದೊಳಗಿನ ವ್ಯಾಪಾರಿ: ಎಕ್‌ಹಾರ್ಟನ ಒಂದು ಪ್ರವಚನ

ಜೆರುಸಲೇಮಿನ ದೇವಾಲಯವನ್ನು ಪ್ರವೇಶಿಸಿದ ಯೇಸುಕ್ರಿಸ್ತನು ಅಲ್ಲಿ ಕೊಡುಕೊಳ್ಳುವವರನ್ನು ಹೊರಗಟ್ಟಿ, ನಾಣ್ಯ ವಿನಿಮಯಗಾರರ ಮೇಜುಗಳನ್ನೂ ಪಾರಿವಾಳ ಮಾರುವವರ ಆಸನಗಳನ್ನೂ ಕೆಡವಿದನೆಂದು ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯ ಹೇಳುತ್ತದೆ. ಜರ್ಮನಿಯ ಡೊಮಿನಿಕನ್ ಸಂನ್ಯಾಸಿ ಮೈಸ್ಟರ್ ಎಕ್‌ಹಾರ್ಟ್ (ಸು. 1260–1328) ಈ ಪ್ರಸಂಗಕ್ಕೆ ಜನರಾಡುವ ಜರ್ಮನ್ ನುಡಿಯ ಪ್ರವಚನವೊಂದರಲ್ಲಿ ಕೊಟ್ಟ ಅನುಭಾವಿಕ ಅರ್ಥವು ಇಂದಿಗೂ ವಿಚಾರಯೋಗ್ಯವಾಗಿದೆ.

ಆತನ ದೃಷ್ಟಿಯಲ್ಲಿ ಆ ದೇವಾಲಯವು ಮನುಷ್ಯನ ಆತ್ಮವೇ. ಹಾಗಾದರೆ ಅದರೊಳಗಿನ ವ್ಯಾಪಾರಿಗಳು ಯಾರು? ದುರ್ಜನರೆಂದು ನಾವು ಊಹಿಸಬಹುದು. ಎಕ್‌ಹಾರ್ಟನಾದರೋ ಸಜ್ಜನರೆಡೆಗೇ ಬೆರಳು ತೋರುತ್ತಾನೆ. ಘೋರ ಪಾಪಗಳಿಂದ ದೂರವಿದ್ದು, ಉಪವಾಸ, ಜಾಗರಣೆ, ಪ್ರಾರ್ಥನೆಗಳನ್ನು ತಪ್ಪದೆ ಆಚರಿಸುತ್ತ, ಪ್ರತಿಯಾಗಿ ದೇವರು ತಮಗೆ ಇಷ್ಟವಾದುದನ್ನು ಕೊಡಲೆಂದು ಬಯಸುವವರೆಲ್ಲರೂ ವ್ಯಾಪಾರಿಗಳೇ. ಪಾರಿವಾಳ ಮಾರುವವರು ಇವರಿಗಿಂತ ಮೇಲು. ಅವರು ಫಲಾಪೇಕ್ಷೆಯನ್ನು ಬಿಟ್ಟಿದ್ದಾರೆ; ಆದರೆ ತಮ್ಮತನವನ್ನೂ ಕಾಲ, ಸಂಖ್ಯೆಗಳ ಎಣಿಕೆಯನ್ನೂ ಇನ್ನೂ ಬಿಟ್ಟಿಲ್ಲ. ಇವೆಲ್ಲವೂ ತೆರವಾದ ಆತ್ಮದಲ್ಲಿ ಮಾತ್ರ ದೇವರ ಬೆಳಕು ಪೂರ್ಣವಾಗಿ ಹೊಳೆಯುತ್ತದೆ.

ಇಂತಹ ಬೋಧನೆ ಧರ್ಮಾಧಿಕಾರಿಗಳಿಗೆ ಸಹ್ಯವಾಗಲಿಲ್ಲ. 1326ರಲ್ಲಿ ಕೊಲೋನ್ ನಗರದಲ್ಲಿ ಎಕ್‌ಹಾರ್ಟನ ವಿಚಾರಣೆ ನಡೆಯಿತು. ಆತನು ಪೋಪರಿಗೆ ಮೊರೆಯಿಟ್ಟನಾದರೂ ತೀರ್ಪಿಗೆ ಮೊದಲೇ ತೀರಿಕೊಂಡನು. 1329ರ ಮಾರ್ಚ್ 27ರಂದು ಪೋಪ್ 22ನೆಯ ಜಾನ್ ಹೊರಡಿಸಿದ ಶಾಸನವು ಆತನ 28 ವಾಕ್ಯಗಳನ್ನು ಪಟ್ಟಿಮಾಡಿ, ಅವುಗಳಲ್ಲಿ 17ನ್ನು ಧರ್ಮವಿರುದ್ಧವೆಂದು ಸಾರಿತು. ಪ್ರತಿಫಲವನ್ನಾಗಲಿ ಸ್ವರ್ಗರಾಜ್ಯವನ್ನೇ ಆಗಲಿ ಬಯಸದವರಲ್ಲಿ ದೇವರಿಗೆ ಗೌರವ ಸಲ್ಲುತ್ತದೆಂಬ ವಾಕ್ಯವೂ ಆ ಹದಿನೇಳರಲ್ಲಿ ಸೇರಿತ್ತು.

ಆದರೆ ಎಕ್‌ಹಾರ್ಟನ ವ್ಯಾಖ್ಯಾನದಲ್ಲಿ ಪರೀಕ್ಷಿಸಬೇಕಾದ ಅಂಶ ಬೇರೊಂದಿದೆ. ಪಾರಿವಾಳ ಮಾರುವವರನ್ನು ಯೇಸು ಅಟ್ಟಲಿಲ್ಲ, ಮೃದುವಾಗಿ ನುಡಿದನೆಂದು ಆತನು ವಿವರಿಸುತ್ತಾನೆ. ಈ ಭೇದಕ್ಕೆ ಆಧಾರವಿರುವುದು ಯೋಹಾನನ ಸುವಾರ್ತೆಯಲ್ಲಿ. ಪ್ರವಚನಕ್ಕೆ ಆರಿಸಿಕೊಂಡ ಮತ್ತಾಯನ ಪಾಠದಲ್ಲಿ ಅವರ ಆಸನಗಳೂ ಉರುಳುತ್ತವೆ. ಪಾರಿವಾಳವು ಕುರಿಮರಿಯನ್ನು ಅರ್ಪಿಸಲಾರದ ಬಡವನ ಕಾಣಿಕೆಯೆಂದು ಯಾಜಕಕಾಂಡವು ವಿಧಿಸಿತ್ತು. ದೇವಾಲಯವು ಕಳ್ಳರ ಗವಿಯಾಯಿತೆಂಬ ಯೇಸುವಿನ ಕೋಪಕ್ಕೆ ಈ ಹಿನ್ನೆಲೆಯೂ ಇದೆ. ಎಲ್ಲವನ್ನೂ ಅಂತರಂಗಕ್ಕೆ ತಿರುಗಿಸಿದಾಗ ಆ ಬಡ ಯಾತ್ರಿಕನು ಕಣ್ಮರೆಯಾಗುತ್ತಾನೆ. ಸಾಂಕೇತಿಕ ವ್ಯಾಖ್ಯಾನಗಳ ಸಾಮಾನ್ಯ ದೋಷವಿದು: ಹೃದಯದ ವ್ಯಾಪಾರವನ್ನು ಖಂಡಿಸುವಾಗ ಅಂಗಳದ ಅನ್ಯಾಯ ಮರೆತುಹೋಗುತ್ತದೆ.

ಎಕ್‌ಹಾರ್ಟನ ಇತರ ಬೋಧನೆಯೇ ಈ ಕೊರತೆಯನ್ನು ತುಂಬುತ್ತದೆ. ಕಿರಿಯ ಸಂನ್ಯಾಸಿಗಳಿಗೆ ನೀಡಿದ ಉಪದೇಶದಲ್ಲಿ ಆತನು, ಸಂತ ಪೌಲನಂತೆ ದಿವ್ಯಾನಂದದಲ್ಲಿ ಮುಳುಗಿದವನಾದರೂ ರೋಗಿಯೊಬ್ಬನಿಗೆ ಗಂಜಿ ಬೇಕೆಂದು ತಿಳಿದರೆ, ಆ ಆನಂದವನ್ನು ಬಿಟ್ಟೆದ್ದು ಸೇವೆಗೈಯುವುದೇ ಲೇಸೆಂದು ಹೇಳುತ್ತಾನೆ. ಮೇಲಿನ ಪ್ರವಚನವನ್ನು ಈ ಮಾತಿನೊಡನೆ ಕೂಡಿಸಿ ಓದಿದಾಗಲೇ ಆತನ ನಿರ್ಲಿಪ್ತತೆಯ ಪೂರ್ಣಾರ್ಥ ದೊರೆಯುವುದು. ಪ್ರತಿಫಲದ ಲೆಕ್ಕವನ್ನು ಬಿಟ್ಟವನ ಕೈಗಳು ಪರರ ಸೇವೆಗೆ ಬಿಡುವಾಗಬೇಕು.

ಪೂಜೆಯೂ ಲೆಕ್ಕಪತ್ರವೂ ಒಂದೇ ಸೂರಿನಡಿ ನಡೆಯುವ ಎಲ್ಲ ಕಡೆಯೂ ಈ ಪ್ರವಚನವು ಎರಡು ಪ್ರಶ್ನೆಗಳನ್ನು ಉಳಿಸುತ್ತದೆ. ಕೊಡುವವನು ಏನನ್ನು ಬಯಸಿ ಕೊಡುತ್ತಾನೆ? ಬಡವನು ಬಾಗಿಲಿಗೆ ಬಂದಾಗ ಅವನಿಂದ ಏನನ್ನು ಪಡೆಯಲಾಗುತ್ತದೆ? ಎಕ್‌ಹಾರ್ಟನು ಮೊದಲನೆಯದನ್ನು ಆಳವಾಗಿ ಕೇಳಿದನು. ಎರಡನೆಯದನ್ನು ಸುವಾರ್ತೆಯು ಅವನಿಗಿಂತ ಮೊದಲೇ ಕೇಳಿತ್ತು.