ಯೂನಿಕಾರ್ನಿನ ವಿಷಾದ

‘ದಿ ಲಾಸ್ಟ್ ಯೂನಿಕಾರ್ನ್’ (1982) ಎಂದರೆ ಅನೇಕರಿಗೆ ಹಳೆಯದೊಂದು ಮಕ್ಕಳ ಕಾರ್ಟೂನು, ಅಷ್ಟೇ. ಆದರೆ ಮಕ್ಕಳ ಚಿತ್ರಗಳು ಸಾಮಾನ್ಯವಾಗಿ ಅಂಜುವ ಕಡೆ ಇದು ಅಂಜುವುದಿಲ್ಲ. ಪೀಟರ್ ಬೀಗಲ್ 1968ರ ತಮ್ಮ ಕಾದಂಬರಿಗೆ ತಾವೇ ಚಿತ್ರಕಥೆ ಬರೆದದ್ದರ ಫಲ ಇದು. ಉಳಿದ ಯೂನಿಕಾರ್ನುಗಳನ್ನೆಲ್ಲ ಕಡಲಿಗೆ ಅಟ್ಟಿ ಸೆರೆಯಿಟ್ಟ ಕೆಂಪು ಗೂಳಿಯಿಂದ ಉಳಿಸಲೆಂದು ಮಾಂತ್ರಿಕನೊಬ್ಬ ಕೊನೆಯ ಯೂನಿಕಾರ್ನನ್ನು ಮನುಷ್ಯ ಹೆಣ್ಣಾಗಿಸುತ್ತಾನೆ. ಸಾವಿಲ್ಲದ ಜೀವಕ್ಕೆ ಆ ಮೈ ವರವಲ್ಲ, ಸೆರೆ. ಬರಬರುತ್ತ ಅವಳು ರಾಜಕುಮಾರ ಲೀರ್‌ನಿಗೆ ಮನಸೋತು, ತಾನು ಯಾರೆಂಬುದನ್ನೇ ಮರೆಯತೊಡಗುತ್ತಾಳೆ. ಬೇರೆಯವರಾಗಿದ್ದರೆ ಇಲ್ಲಿ ಮದುವೆ ಊಟ ಹಾಕಿಸಿಬಿಡುತ್ತಿದ್ದರು! ಇವಳೋ ಮತ್ತೆ ಯೂನಿಕಾರ್ನ್ ಆಗಿ, ತನ್ನವರನ್ನು ಬಿಡಿಸಿ, ತನ್ನ ಕುಲವೇ ಅರಿಯದ ವಿಷಾದವೊಂದನ್ನು ಹೊತ್ತು ಹೊರಡುತ್ತಾಳೆ.

ಚಲನೆ ತೊಡರುತ್ತದೆ, ಹಾಡುಗಳು ಸಪ್ಪೆ ಎಂಬ ದೂರಿದೆ. ಹಾಡಿನ ಮಾತು ಒಪ್ಪೋಣ. ಯೂನಿಕಾರ್ನಿಗೂ ಲೀರ್‌ನಿಗೂ ದನಿಯಾದ ಮಿಯಾ ಫ್ಯಾರೋ, ಜೆಫ್ ಬ್ರಿಜಸ್ ನಟರು, ಗಾಯನ ಅವರ ಬಲವಲ್ಲ. ಚಿತ್ರಗಳ ಮಾತು ಬೇರೆ. ಅವನ್ನು ಬಿಡಿಸಿದ್ದು ಟೋಕಿಯೋದ ಟಾಪ್‌ಕ್ರಾಫ್ಟ್, 1984ರಲ್ಲಿ ನಿರ್ದೇಶಕ ಮಿಯಾಝಾಕಿಯ ‘ನೌಸಿಕಾ’ ಚಿತ್ರ ತಯಾರಿಸಿದ ಸ್ಟುಡಿಯೋ. ಓಟದಲ್ಲಿ ಮುಗ್ಗರಿಸುವ ಆ ಗೆರೆಗಳೇ ನಿಂತಲ್ಲಿ ಮಧ್ಯಯುಗದ ನೇಯ್ಗೆಯ ಪರದೆಗಳಂತೆ ಕಾಣುತ್ತವೆ. ಇನ್ನು ಅಲೆಗಳ ನೊರೆಯೇ ಬಿಳಿ ಯೂನಿಕಾರ್ನುಗಳಾಗಿ ದಡಕ್ಕೆ ಉಕ್ಕಿಬರುವ ಆ ದೃಶ್ಯದಲ್ಲಿ ತೊಡರನ್ನು ಹುಡುಕಲು ಕಣ್ಣಿಗೆ ಬಿಡುವೆಲ್ಲಿ?